ಒಂದು ಸಲ ಓದಿದರೆ ಖಾಲಿಯಾಗುವ ಮ್ಯಾಪ್! ಪೈಥಾನ್‌ನಲ್ಲಿ ಫಂಕ್ಷನಲ್ ಶೈಲಿ ಬಿಟ್ಟುಬಿಡಲಾ?

ಮೂಡಿಗೆರೆ ತೋಟದವನು

ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ. ಲ್ಯಾಪ್‌ಟಾಪ್ ಕಣದ ಶೆಡ್ಡಿನಲ್ಲಿ ಇದೆ, ಫೋನಿನಲ್ಲಿ ಬರೆಯುತ್ತಿದ್ದೇನೆ. ಹಾಗಾಗಿ ಕೋಡ್ ಹಾಕಿಲ್ಲ, ಬಾಯಲ್ಲೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ನಾಲ್ಕು ವರ್ಷ ಎಲಿಕ್ಸಿರ್ ಅನ್ನುವ ಫಂಕ್ಷನಲ್ ಭಾಷೆಯಲ್ಲಿ (ಲೂಪ್ ಬದಲು ಫಂಕ್ಷನ್ ಮೇಲೆ ಫಂಕ್ಷನ್ ಜೋಡಿಸುವ ಶೈಲಿ) ಕೋಡ್ ಬರೆದು ಹೊಟ್ಟೆ ಹೊರೆದವನು ನಾನು. ಹೋದ ವರ್ಷ ಊರಿಗೆ ಬಂದೆ. ಮೂಡಿಗೆರೆ ಹತ್ತಿರ ಸಣ್ಣ ತೋಟ, ಹೆಚ್ಚು ಕಮ್ಮಿ ಪೂರ್ತಿ ರೋಬಸ್ಟಾ. ಕೊಯ್ಲು ಶುರುವಾದರೆ ದಿನಾ ಸಂಜೆ ಕಣದಲ್ಲಿ ಹಣ್ಣು ತೂಗುತ್ತೇವೆ. ಯಾರು, ಯಾವ ಬ್ಲಾಕ್, ಎಷ್ಟು ಕೆಜಿ ಅಂತ ರೈಟರ್ ಅಣ್ಣ ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಶನಿವಾರ ಬಟವಾಡೆ. ಶುಕ್ರವಾರ ರಾತ್ರಿ ಅವರು ಕ್ಯಾಲ್ಕುಲೇಟರ್ ಹಿಡಿದು ಕೂತರೆ ಏಳುವಾಗ ಹನ್ನೊಂದು ಗಂಟೆ. "ಅಣ್ಣ, ಇದನ್ನ ನಾನು ಮಾಡಿ ಕೊಡ್ತೀನಿ ಬಿಡಿ" ಅಂತ ಬಾಯಿ ಬಿಟ್ಟೆ.

ಎಲಿಕ್ಸಿರ್‌ನಲ್ಲೇ ಬರೆಯಬಹುದಿತ್ತು. ಆದರೆ ನಾನಿಲ್ಲದಾಗ ಇದನ್ನು ನೋಡಿಕೊಳ್ಳುವವಳು ಅತ್ತೆ ಮಗಳು. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಅವಳಿಗೆ ಬರುವುದು ಪೈಥಾನ್. ಅದರಲ್ಲೂ ಮ್ಯಾಪ್ (ಪ್ರತಿಯೊಂದಕ್ಕೂ ಒಂದು ಫಂಕ್ಷನ್ ಹಚ್ಚುವುದು) ಇದೆ, ಫಿಲ್ಟರ್ (ಬೇಕಾದ್ದನ್ನು ಸೋಸುವುದು) ಇದೆ, ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಇದೆ. ಏನು ಮಹಾ ಅಂದುಕೊಂಡೆ. ಅಲ್ಲೇ ಕೆಟ್ಟೆ.

ಮೊದಲ ಶನಿವಾರದ ಕಥೆ ಕೇಳಿ. ಫೈಲಿನಿಂದ ಸಾಲು ಓದಿ, ಖಾಲಿ ಸಾಲುಗಳನ್ನು ಫಿಲ್ಟರ್ ಮಾಡಿ, ಪ್ರತಿ ಸಾಲಿಗೂ ಕೂಲಿ ಎಷ್ಟು ಅಂತ ಮ್ಯಾಪ್ ಮಾಡಿದೆ. ಒಟ್ಟು ಮೊತ್ತ ಪ್ರಿಂಟ್ ಮಾಡಿದೆ, 40 ಸಾವಿರದ ಹತ್ತಿರ ಬಂತು, ಅಣ್ಣನ ಪುಸ್ತಕಕ್ಕೂ ತಾಳೆ ಆಯಿತು. ಆಮೇಲೆ ಅದೇ ಲೆಕ್ಕದಿಂದ ಒಬ್ಬೊಬ್ಬರ ಚೀಟಿ ತೆಗೆಯಬೇಕಿತ್ತು. ಬಸ್ ಟಿಕೆಟ್ ತರಹದ ಸಣ್ಣ ಥರ್ಮಲ್ ಪ್ರಿಂಟರ್ ತಂದಿದ್ದೇನೆ. ಅದರಿಂದ ತೋಟದ ಹೆಸರು, ತಾರೀಖು ಬಂತು. ಕೆಳಗೆ ಏನೂ ಇಲ್ಲ. ಎರರ್ ಕೂಡ ಇಲ್ಲ! ಎರರ್ ಬಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದಾರೆ. ಏನಾಯಿತು ನೋಡೋಣ ಅಂತ ಒಟ್ಟು ಮೊತ್ತದ ಸಾಲನ್ನು ತೆಗೆದೆ. ಚೀಟಿ ಬಂತು! ವಾಪಸ್ ಹಾಕಿದೆ, ಚೀಟಿ ಖಾಲಿ. ಸರಿ, ಒಳಗೆ ಏನಿದೆ ನೋಡೋಣ ಅಂತ ಮಧ್ಯದಲ್ಲಿ ಲಿಸ್ಟ್ ಮಾಡಿ ಪ್ರಿಂಟ್ ಹಾಕಿದರೆ ಈಗ ಮೊತ್ತವೂ ಸೊನ್ನೆ. ಅಂದರೆ ನಾನು ಇಣುಕಿ ನೋಡಿದ್ದಕ್ಕೇ ಅದು ಮುಗಿದುಹೋಯಿತು. ಅವತ್ತು ಕೊನೆಗೆ ಅಣ್ಣನ ಪುಸ್ತಕ ನೋಡಿಯೇ ದುಡ್ಡು ಕೊಟ್ಟೆವು. ಅವರು ಏನೂ ಅನ್ನಲಿಲ್ಲ. ಸುಮ್ನೆ ಕ್ಯಾಲ್ಕುಲೇಟರ್ ಒರೆಸಿ ಜೇಬಿಗೆ ಹಾಕಿಕೊಂಡರು.

ಎರಡನೇ ಶನಿವಾರ ಇದಕ್ಕಿಂತ ಕೆಟ್ಟದು. ನಮ್ಮಲ್ಲಿ ಮೂರು ಬ್ಲಾಕ್. ಗುಡ್ಡದ ಬ್ಲಾಕಿಗೆ ಕೆಜಿಗೆ 6 ರೂಪಾಯಿ, ಹತ್ತಿ ಇಳಿಯುವುದು ಕಷ್ಟ. ಹಳೇ ತೋಟಕ್ಕೆ 5. ಕೆರೆ ಪಕ್ಕದ್ದು ಸಮತಟ್ಟು, ಗಿಡ ತುಂಬಾ ಹಣ್ಣು, ಅದಕ್ಕೆ 4. ಒಂದು ಲೂಪ್ ಹಾಕಿ ಪ್ರತಿ ಬ್ಲಾಕಿಗೂ ಒಂದೊಂದು ಲ್ಯಾಂಬ್ಡಾ ಮಾಡಿಟ್ಟೆ, ಕೆಜಿ ಕೊಟ್ಟರೆ ಕೂಲಿ ಕೊಡುವ ಹಾಗೆ. ಬಟವಾಡೆಯಲ್ಲಿ ಒಬ್ಬ ಅಮ್ಮ ಚೀಟಿ ಹಿಡಿದುಕೊಂಡು ಬಂದರು. ಗುಡ್ಡದಲ್ಲಿ 110 ಕೆಜಿ ಕೊಯ್ದಿದ್ದಾರೆ, 660 ಬರಬೇಕು, ಚೀಟಿಯಲ್ಲಿ 440. "ಮಿಷನ್ನು ಕೆರೆ ಪಕ್ಕ ಮಾತ್ರ ನೋಡಿದೆಯೇನೋ ಅಣ್ಣಾ" ಅಂದರು. ನಿಜವಾಗಿಯೂ ಅದೇ ಆಗಿತ್ತು. ಮೂರೂ ಲ್ಯಾಂಬ್ಡಾ ಕೊನೆಯ ಬ್ಲಾಕಿನ ರೇಟನ್ನೇ ಹಿಡಿದಿದ್ದವು. ಓದು ಬರಹ ಇಲ್ಲದ ಅವರು ಒಂದೇ ನೋಟಕ್ಕೆ ಕಂಡುಹಿಡಿದ ಬಗ್ ನನಗೆ ರಾತ್ರಿ ಒಂಬತ್ತಾದರೂ ಸಿಗಲಿಲ್ಲ.

ಉಳಿದವು ಚಿಲ್ಲರೆ ಸಿಟ್ಟು. ಒಬ್ಬೊಬ್ಬರ ಸಾಲು ಒಟ್ಟು ಮಾಡಲು ಗ್ರೂಪ್‌ಬೈ ಹಾಕಿದರೆ ಒಬ್ಬರಿಗೇ ಆರು ಚೀಟಿ ಬಂತು, ದಿನಕ್ಕೊಂದು. ಸಾರ್ಟ್ ಮಾಡಿದ ಲಿಸ್ಟನ್ನು ಹೆಸರಿಗೆ ಹಾಕಿಕೊಂಡರೆ ಒಳಗೆ ನನ್ (None), ಅಂದರೆ ಏನೂ ಇಲ್ಲ! ಒಂದರ ಬಾಲಕ್ಕೆ ಇನ್ನೊಂದು ಜೋಡಿಸುವ ಪೈಪ್ ಇಲ್ಲದ್ದರಿಂದ ಎಲ್ಲವನ್ನೂ ಒಳಗಿನಿಂದ ಹೊರಗೆ ಓದಬೇಕು, ಈರುಳ್ಳಿ ಸುಲಿದ ಹಾಗೆ. ಲ್ಯಾಂಬ್ಡಾ ಒಳಗೆ ಒಂದೇ ಎಕ್ಸ್‌ಪ್ರೆಶನ್. ಹೆಸರು, ಕೆಜಿ ಅಂತ ಜೋಡಿ ಬಿಡಿಸಿಕೊಳ್ಳುವುದಕ್ಕೂ ಆಗುವುದಿಲ್ಲ, ಸೊನ್ನೆಯದು ಒಂದನೆಯದು ಅಂತ ನಂಬರ್ ಹಾಕಬೇಕು. ತೋಟದ ನಾಲ್ಕು ವರ್ಷದ ಮಳೆ ಲೆಕ್ಕ, ಇಂಚು ಸೆಂಟಿನಲ್ಲಿ ಬರೆದಿಟ್ಟದ್ದು, 1461 ದಿನ. ಅದನ್ನು, ಫಂಕ್ಷನ್ ತನ್ನನ್ನೇ ತಾನು ಕರೆಯುವ ರಿಕರ್ಶನ್‌ನಲ್ಲಿ ಕೂಡಲು ಹೋದರೆ ಸಾವಿರದ ಹತ್ತಿರ ಬಂದು ಬಿದ್ದುಹೋಯಿತು.

ಇಲ್ಲದಿದ್ದರೆ ಇಲ್ಲ ಅನ್ನಲಿ, ಬೇಜಾರಿಲ್ಲ. ಹೆಸರು ಅದೇ, ನಡತೆ ಬೇರೆ, ಇದೇ ನನ್ನ ತಕರಾರು. ಎಲಿಕ್ಸಿರ್‌ನಲ್ಲಿ ಎನಮ್ ಅಂದರೆ ಈಗಲೇ ಮಾಡು, ಸ್ಟ್ರೀಮ್ ಅಂದರೆ ಕೇಳಿದಾಗ ಮಾಡು. ಹೆಸರು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಏನು ನೋಡಿ ತಿಳಿದುಕೊಳ್ಳಬೇಕು? ಪೈಥಾನ್‌ನಲ್ಲಿ ಈ ಶೈಲಿಯನ್ನೇ ಬಿಟ್ಟು ಫಾರ್ ಲೂಪ್ ಬರೆದುಕೊಂಡು ಇರಬೇಕಾ? ನಿಜವಾಗಿ ಬಳಸುವವರು ಹೇಳಿ.

ಪಿವೋಟ್ ಪ್ರಿಯ

ಹದಿನಾಲ್ಕು ಜನರ ಕೂಲಿಗೆ ಇಷ್ಟೆಲ್ಲಾ ಯಾಕೆ ಮಾರಾಯ್ರೆ? ಎಕ್ಸೆಲ್‌ನಲ್ಲಿ ಒಂದು ಪಿವೋಟ್ ಟೇಬಲ್ ಹಾಕಿ, ಕಾಫಿ ಕುಡಿದು ಮಲಗಿ.

ಹಾಸನದ ಲ್ಯಾಬ್ ಮೇಷ್ಟ್ರು

ನಿಮ್ಮ ಮೊದಲ ಶನಿವಾರ ನಮ್ಮ ಲ್ಯಾಬಿನಲ್ಲಿ ಪ್ರತಿ ಸೆಮಿಸ್ಟರ್ ನಡೆಯುತ್ತದೆ. ಬಟವಾಡೆ ಇರುವುದಿಲ್ಲ ಅಷ್ಟೇ.

ಪೈಥಾನ್ 2ರಲ್ಲಿ ಮ್ಯಾಪ್, ಫಿಲ್ಟರ್ ಎರಡೂ ಲಿಸ್ಟನ್ನೇ ಕೊಡುತ್ತಿದ್ದವು. 2008ರ ಡಿಸೆಂಬರ್‌ನಲ್ಲಿ 3.0 ಬಂದಾಗ ಇಟರೇಟರ್ ಕೊಡಲು ಶುರು ಮಾಡಿದವು. ಇಟರೇಟರ್ ಅಂದರೆ ಕೇಳಿದಾಗ ಒಂದೊಂದೇ ಕೊಡುವ ವಸ್ತು, ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹೋದ ಹಣ್ಣಿನ ಹಾಗೆ. ಒಂದು ಸಲ ಹಾದುಹೋದರೆ ಹೋಯಿತು, ಇನ್ನೊಂದು ಸಲ ಹಿಡಿ ತಿರುಗಿಸಿದರೆ ಬರೀ ಸದ್ದು. ಮೊತ್ತ ಕೂಡುವ ಸಮ್ ಫಂಕ್ಷನ್ ನಿಮ್ಮ ಹಣ್ಣನ್ನೆಲ್ಲಾ ಹಾಯಿಸಿ ಮುಗಿಸಿತು. ಚೀಟಿಗೆ ಸಿಕ್ಕಿದ್ದು ಖಾಲಿ ಪಲ್ಪರ್. ಖಾಲಿ ಇಟರೇಟರ್ ಮೇಲೆ ಲೂಪ್ ಹಾಕುವುದು ಪೈಥಾನ್ ಪ್ರಕಾರ ತಪ್ಪಲ್ಲ, ಅದಕ್ಕೇ ಎರರ್ ಬರಲಿಲ್ಲ. ನೀವು ಎರಡನೇ ಸಲ ಚೀಟಿ ಬದಲು ಅತಿ ಹೆಚ್ಚು ಕೂಲಿ ಯಾರದು ಅಂತ ಮ್ಯಾಕ್ಸ್ ಕೇಳಿದ್ದರೆ ಅದಾದರೂ ಕೂಗಿಕೊಳ್ಳುತ್ತಿತ್ತು.

ಏನು ನೋಡಿ ತಿಳಿಯಬೇಕು ಅಂದಿರಿ. ನಾನು ಹುಡುಗರಿಗೆ ಹೇಳಿಕೊಡುವುದು ಇದು. ಅನುಮಾನ ಬಂದ ವಸ್ತುವನ್ನು ಐಟರ್ ಫಂಕ್ಷನ್ನಿಗೆ ಕೊಡಿ. ವಾಪಸ್ ಬಂದದ್ದು ಅದೇ ವಸ್ತುವಾದರೆ ಒಂದು ಸಲದ್ದು. ಮ್ಯಾಪ್, ಫಿಲ್ಟರ್, ಜಿಪ್, ಜನರೇಟರ್, ತೆರೆದ ಫೈಲ್ ಎಲ್ಲ ಈ ಜಾತಿ. ಲಿಸ್ಟ್, ಟ್ಯೂಪಲ್, ಡಿಕ್ಷನರಿ ಕೊಟ್ಟರೆ ಹೊಸದೊಂದು ಬರುತ್ತದೆ, ಎಷ್ಟು ಸಲ ಬೇಕಾದರೂ ಸುತ್ತಬಹುದು. ರೇಂಜ್ ನೋಡಿದರೆ ಮ್ಯಾಪ್ ತರಹ ಕಾಣುತ್ತದೆ, ಅದೂ ಸೋಮಾರಿ (ಕೇಳಿದಾಗ ಮಾತ್ರ ಕೊಡುತ್ತದೆ), ಆದರೆ ಖಾಲಿಯಾಗುವುದಿಲ್ಲ. ಹೌದು, ಗೊಂದಲವೇ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಇನ್ನೊಂದು ನಿಮಗೆ ಮುಂದೆ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಫೈಲ್ ತೆರೆಯುವುದನ್ನು ವಿತ್ (ಕೆಲಸ ಮುಗಿದಾಗ ಫೈಲನ್ನು ತಾನೇ ಮುಚ್ಚುವುದು) ಒಳಗೆ ಬರೆದು, ಅಲ್ಲಿಂದಲೇ ಮ್ಯಾಪನ್ನು ರಿಟರ್ನ್ ಮಾಡಿದರೆ, ಹೊರಗೆ ಬಂದು ಓದುವ ಹೊತ್ತಿಗೆ ಫೈಲ್ ಮುಚ್ಚಿರುತ್ತದೆ. ಎರರ್ ಬರುವುದು ಮ್ಯಾಪ್ ಬರೆದ ಸಾಲಿನಲ್ಲಲ್ಲ, ಹತ್ತು ಫಂಕ್ಷನ್ ಆಚೆ ಓದುವ ಸಾಲಿನಲ್ಲಿ. ಮೊನ್ನೆ ಒಬ್ಬ ಹುಡುಗ ಇದರ ಹಿಂದೆ ಎರಡು ಗಂಟೆ ಕೂತಿದ್ದ.

ಸ್ವಲ್ಪ ಇತಿಹಾಸ, ನನಗೆ ಇಷ್ಟದ ವಿಷಯ. ಲ್ಯಾಂಬ್ಡಾ, ಮ್ಯಾಪ್, ಫಿಲ್ಟರ್, ರೆಡ್ಯೂಸ್ (ಎಲ್ಲವನ್ನೂ ಒಂದೇ ಬೆಲೆಗೆ ಇಳಿಸುವುದು) ನಾಲ್ಕೂ 1994ರ 1.0 ಹೊತ್ತಿಗೇ ಬಂದಿದ್ದವು. ಲಿಸ್ಪ್ ಅನ್ನುವ ಹಳೇ ಭಾಷೆಯಲ್ಲಿ ಬರೆಯುತ್ತಿದ್ದ ಯಾರೋ ಅವಿಲ್ಲದೆ ಆಗುವುದಿಲ್ಲ ಅಂತ ತಾವೇ ಪ್ಯಾಚ್ ಮಾಡಿ ಕಳಿಸಿದ್ದು ಅಂತ ಪೈಥಾನ್ ಹುಟ್ಟುಹಾಕಿದ ಗೈಡೋ ವ್ಯಾನ್ ರಾಸಮ್ 2005ರಲ್ಲಿ ಬರೆದರು. ಬರೆದದ್ದು ಹೊಗಳಲಿಕ್ಕಲ್ಲ, ನಾಲ್ಕನ್ನೂ ಪೈಥಾನ್ 3ರಿಂದ ತೆಗೆದುಹಾಕೋಣ ಅಂತ! ಜನ ಬಿಡಲಿಲ್ಲ. ರೆಡ್ಯೂಸ್ ಮಾತ್ರ ಮನೆ ಬಿಟ್ಟು ಫಂಕ್‌ಟೂಲ್ಸ್ ಮಾಡ್ಯೂಲಿಗೆ ಹೋಯಿತು. ಲ್ಯಾಂಬ್ಡಾದಲ್ಲಿ ಜೋಡಿ ಬಿಡಿಸುವುದು 2ರಲ್ಲಿ ಇತ್ತು, 3ರಲ್ಲಿ ಕಿತ್ತುಹಾಕಿದರು. ಹಾಗಾಗಿ ಇವು ಈ ಮನೆಯ ಮಕ್ಕಳಲ್ಲ, ಬಂದು ಉಳಿದ ನೆಂಟರು. ಮನೆಯ ಮಗ ಅಂದರೆ ಲಿಸ್ಟ್ ಕಾಂಪ್ರಹೆನ್ಶನ್, ಬ್ರ್ಯಾಕೆಟ್ ಒಳಗೇ ಲೂಪ್ ಬರೆದು ಲಿಸ್ಟ್ ಮಾಡುವುದು. ಅದರ ಮೂಲವೂ ಹೊರಗಿನದೇ, ಹ್ಯಾಸ್ಕೆಲ್ ಭಾಷೆಯ ಕಡೆಯದು. ಆದರೆ 2000ದಲ್ಲಿ 2.0ಗೆ ಬಂದ ಮೇಲೆ ಇಲ್ಲೇ ಒಗ್ಗಿಕೊಂಡಿತು. ಚೌಕ ಬ್ರ್ಯಾಕೆಟ್ ಹಾಕಿದರೆ ಈಗಲೇ, ದುಂಡು ಬ್ರ್ಯಾಕೆಟ್ ಹಾಕಿದರೆ ಆಮೇಲೆ. ನಿಮ್ಮ ಎನಮ್, ಸ್ಟ್ರೀಮ್ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಾಣುತ್ತದೆ. ಒಳಗೆ ಹೆಸರು, ಕೆಜಿ ಅಂತ ಜೋಡಿಯನ್ನೂ ಬಿಡಿಸಿಕೊಳ್ಳಬಹುದು.

ಮಳೆ ಲೆಕ್ಕಕ್ಕೆ ರಿಕರ್ಶನ್ ಬೇಡ. ಮಾಮೂಲಿ ಮಿತಿ 1000. ಟೇಲ್ ಕಾಲ್ (ಫಂಕ್ಷನ್ ಕೊನೆಗೆ ಮಾಡುವ ಕರೆ) ಅನ್ನು ಪೈಥಾನ್ ಲೂಪ್ ಆಗಿ ಬದಲಾಯಿಸುವುದಿಲ್ಲ, ಬಿದ್ದಾಗ ಯಾವ ಸಾಲಿನಿಂದ ಯಾವ ಸಾಲಿಗೆ ಬಂದೆ ಅಂತ ಪೂರ್ತಿ ಜಾಡು ತೋರಿಸಬೇಕು ಅನ್ನುವುದು ಗೈಡೋ ಹಟ. ಮಿತಿ ಏರಿಸಬಹುದು. ಏರಿಸಬೇಡಿ.

ನನ್ನ ಸಲಹೆ ಕೇಳಿದರೆ ಮ್ಯಾಪ್, ಫಿಲ್ಟರ್ ಎರಡನ್ನೂ ಮರೆತುಬಿಡಿ.

ಚಿಕ್ಕಮಗಳೂರು ಬ್ಯಾಕೆಂಡ್

ಮೇಷ್ಟ್ರೇ, ಪೂರ್ತಿ ಮರೆಯುವುದು ಬೇಡ. ನಾನು ಇಲ್ಲೇ ಕೋಟೆ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ, ದಿನವಿಡೀ ಪೈಥಾನ್. ದೊಡ್ಡ ಲಾಗ್ ಫೈಲ್ ಓದುವಾಗ ಈ ಸೋಮಾರಿತನವೇ ನನ್ನ ಲ್ಯಾಪ್‌ಟಾಪ್ ಉಳಿಸುತ್ತದೆ. ಎಂಟು ಜಿಬಿ ರ‍್ಯಾಮ್‌ನಲ್ಲಿ ಹತ್ತು ಜಿಬಿ ಫೈಲನ್ನು ಸಾಲು ಸಾಲಾಗಿ ಹಾಯಿಸಬಹುದು. ಆದರೆ ಹದಿನಾಲ್ಕು ಜನರ ಆರು ದಿನದ ಲೆಕ್ಕ, ಎಂಬತ್ತು ಚಿಲ್ಲರೆ ಸಾಲು. ಅದಕ್ಕೆ ಓದಿದ ತಕ್ಷಣ ಲಿಸ್ಟ್ ಮಾಡಿ ಇಟ್ಟುಕೊಳ್ಳಿ. ಇಣುಕಿ ನೋಡಿದರೂ ಮುಗಿಯುವುದಿಲ್ಲ.

ಎರಡನೇ ಶನಿವಾರದ ಬಗ್ಗೆ ಯಾರೂ ಮಾತಾಡಿಲ್ಲ. ನನಗೆ ಅದೇ ಮುಖ್ಯ ಅನ್ನಿಸಿತು, ಯಾಕೆಂದರೆ ಖಾಲಿ ಚೀಟಿ ಎಲ್ಲರಿಗೂ ಕಾಣುತ್ತದೆ. ಕಮ್ಮಿ ಕೂಲಿಯ ಚೀಟಿ ಕೇಳುವವರಿಗೆ ಮಾತ್ರ ಕಾಣುತ್ತದೆ. ಆ ಅಮ್ಮ ಕೇಳದಿದ್ದರೆ?

ಆಗಿದ್ದು ಹೀಗೆ. ಕಣದಲ್ಲಿ ಒಂದು ಕರಿ ಹಲಗೆ ಇದೆ ಅಂದುಕೊಳ್ಳಿ. ನೀವು ಗುಡ್ಡದವರಿಗೆ "ಹಲಗೆ ಮೇಲಿರುವ ರೇಟ್" ಅಂದಿರಿ, ಆಗ ಅಲ್ಲಿ 6 ಇತ್ತು. ಒರೆಸಿ 5 ಬರೆದು ಹಳೇ ತೋಟದವರಿಗೂ ಅದೇ ಮಾತು ಅಂದಿರಿ. ಮತ್ತೆ ಒರೆಸಿ 4 ಬರೆದು ಕೆರೆ ಪಕ್ಕದವರಿಗೂ ಅಂದಿರಿ. ಶನಿವಾರ ಮೂವರೂ ಬಂದು ಹಲಗೆ ನೋಡಿದರೆ ಇರುವುದು 4. ಲ್ಯಾಂಬ್ಡಾ ರೇಟನ್ನು ಹಿಡಿದುಕೊಳ್ಳುವುದಿಲ್ಲ, ರೇಟ್ ಅನ್ನುವ ಹೆಸರನ್ನು ಹಿಡಿದುಕೊಳ್ಳುತ್ತದೆ. ಕರೆದಾಗ ಹೋಗಿ ನೋಡುತ್ತದೆ. ಡೆಫ್ ಹಾಕಿ ಫಂಕ್ಷನ್ ಬರೆದಿದ್ದರೂ ಇದೇ ಆಗುತ್ತಿತ್ತು, ಪಾಪ ಲ್ಯಾಂಬ್ಡಾ ಒಂದರ ತಪ್ಪಲ್ಲ.

ಸರಿ ಮಾಡಲು ಎಲ್ಲರೂ ಹೇಳುವ ಉಪಾಯ, ರೇಟನ್ನು ಲ್ಯಾಂಬ್ಡಾದ ಡೀಫಾಲ್ಟ್ ಆರ್ಗ್ಯುಮೆಂಟ್ ಆಗಿ ಕೊಡುವುದು. ಡೀಫಾಲ್ಟ್ ಬೆಲೆ ಫಂಕ್ಷನ್ ಹುಟ್ಟುವಾಗಲೇ ಗಟ್ಟಿಯಾಗುತ್ತದೆ. ತಮಾಷೆ ಏನೆಂದರೆ ಖಾಲಿ ಲಿಸ್ಟನ್ನು ಡೀಫಾಲ್ಟ್ ಕೊಟ್ಟು, ಪ್ರತಿ ಕರೆಗೂ ಅದೇ ಲಿಸ್ಟ್ ಬಂದು ಎಲ್ಲರೂ ಮೋಸ ಹೋಗುವುದು ಇದೇ ನಿಯಮದಿಂದ. ಒಂದು ಹಳ್ಳ ತಪ್ಪಿಸಲು ಇನ್ನೊಂದು ಹಳ್ಳದ ಮಣ್ಣು! ಇದಕ್ಕಿಂತ ಫಂಕ್‌ಟೂಲ್ಸ್‌ನ ಪಾರ್ಶಿಯಲ್ (ಕೆಲವು ಆರ್ಗ್ಯುಮೆಂಟನ್ನು ಮೊದಲೇ ಕಟ್ಟಿಡುವುದು) ಚೊಕ್ಕ. ಪೈಥಾನ್‌ದೊಂದೇ ಕಥೆ ಅಲ್ಲ ಇದು. ಗೋ ಭಾಷೆಯಲ್ಲೂ ಲೂಪ್ ವೇರಿಯಬಲ್ ಹೀಗೇ ಕಾಡುತ್ತಿತ್ತು, 2024ರಲ್ಲಿ 1.22 ಬಂದಾಗ ನಿಯಮವನ್ನೇ ಬದಲಾಯಿಸಿಕೊಂಡರು. ಪೈಥಾನ್ ಬದಲಾಯಿಸಿಲ್ಲ.

ಈಗ ಒಂದು ಮಾತು ಹೇಳಲಾ, ಬೇಜಾರು ಮಾಡಿಕೊಳ್ಳಬೇಡಿ. ಮೂರು ಬ್ಲಾಕಿಗೆ ಮೂರು ಫಂಕ್ಷನ್ ಯಾಕೆ ಬೇಕಿತ್ತು? ಬ್ಲಾಕ್ ಹೆಸರು, ರೇಟ್ ಅಂತ ಮೂರು ಸಾಲಿನ ಡಿಕ್ಷನರಿ ಸಾಕು. ಕೆಜಿಯಿಂದ ಗುಣಿಸಿದರೆ ಮುಗಿಯಿತು. ಮುಂದಿನ ವರ್ಷ ರೇಟ್ ಜಾಸ್ತಿಯಾದಾಗ ನಿಮ್ಮ ಅತ್ತೆ ಮಗಳು ಆ ಡಿಕ್ಷನರಿ ತಿದ್ದುತ್ತಾಳೆ, ಲ್ಯಾಂಬ್ಡಾ ಫ್ಯಾಕ್ಟರಿಯೊಳಗೆ ಕೈ ಹಾಕುವುದಿಲ್ಲ.

ಗ್ರೂಪ್‌ಬೈ ವಿಷಯ. ಇಟರ್‌ಟೂಲ್ಸ್‌ನ ಗ್ರೂಪ್‌ಬೈ ಪಕ್ಕಪಕ್ಕ ಇರುವುದನ್ನು ಮಾತ್ರ ಸೇರಿಸುತ್ತದೆ. ನಿಮ್ಮ ಎಲಿಕ್ಸಿರ್‌ನ ಚಂಕ್‌ಬೈ ಇದೆಯಲ್ಲ, ಅದು ಇದು. ಹೆಸರು ಮಾತ್ರ ಗ್ರೂಪ್‌ಬೈ. ನಿಮ್ಮ ಪುಸ್ತಕ ತಾರೀಖಿನ ಪ್ರಕಾರ ಇರುವುದರಿಂದ ಒಬ್ಬರ ಹೆಸರು ದಿನಾ ಬೇರೆ ಬೇರೆ ಜಾಗದಲ್ಲಿ ಬರುತ್ತದೆ, ಅದಕ್ಕೆ ಆರು ಚೀಟಿ. ಮೊದಲು ಹೆಸರಿನ ಮೇಲೆ ಸಾರ್ಟೆಡ್ ಮಾಡಿಕೊಂಡು ಕೊಡಬೇಕು. ನಾನಾದರೆ ಡೀಫಾಲ್ಟ್ ಡಿಕ್ಟ್ (ಹೊಸ ಹೆಸರು ಬಂದರೆ ತಾನೇ ಖಾಲಿ ಲಿಸ್ಟ್ ಇಡುವ ಡಿಕ್ಷನರಿ) ತೆಗೆದುಕೊಂಡು ಒಂದು ಫಾರ್ ಲೂಪಿನಲ್ಲಿ ಹೆಸರಿನ ಕೆಳಗೆ ಸಾಲು ಹಾಕುತ್ತಾ ಹೋಗುತ್ತೇನೆ. ಸಾರ್ಟ್ ನನ್ ಕೊಡುವುದು ಬೇಕಂತಲೇ. ಇದ್ದ ಲಿಸ್ಟನ್ನೇ ಕಲಕಿದ್ದೇನೆ, ಹೊಸದು ಕೊಟ್ಟಿಲ್ಲ ಅಂತ ಹೇಳುವ ರೀತಿ. ಹೊಸದು ಬೇಕಾದರೆ ಸಾರ್ಟೆಡ್.

ಎರಡು ಲಿಸ್ಟನ್ನು ಜೋಡಿ ಜೋಡಿಯಾಗಿ ಸೇರಿಸುವ ಜಿಪ್ ಬಳಸುತ್ತಿದ್ದರೆ ಒಂದು ಎಚ್ಚರ. ಒಂದು ಲಿಸ್ಟ್ ಉದ್ದ, ಇನ್ನೊಂದು ಗಿಡ್ಡ ಆದರೆ ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತದೆ. ಹದಿನಾಲ್ಕು ಹೆಸರು, ಹದಿಮೂರು ತೂಕ ಇದ್ದರೆ ಕೊನೆಯವರಿಗೆ ಕೂಲಿಯೇ ಇಲ್ಲ. 3.10ರಿಂದ ಸ್ಟ್ರಿಕ್ಟ್ ಅನ್ನುವ ಆಯ್ಕೆ ಇದೆ, ಹಾಕಿದರೆ ಜಗಳ ತೆಗೆಯುತ್ತದೆ. 3.14ರಲ್ಲಿ ಮ್ಯಾಪಿಗೂ ಅದು ಬಂದಿದೆ. ಅಂದರೆ ನೆಂಟರನ್ನು ಪೂರ್ತಿ ಹೊರಗೆ ಹಾಕಿಲ್ಲ ಮೇಷ್ಟ್ರೇ, ಆಗಾಗ ಹೊಸ ಬಟ್ಟೆ ಕೊಡಿಸುತ್ತಿದ್ದಾರೆ.

ಹಾಸನದ ಲ್ಯಾಬ್ ಮೇಷ್ಟ್ರು

ಕರಿ ಹಲಗೆ ಉದಾಹರಣೆ ಸೋಮವಾರದ ಕ್ಲಾಸಿಗೆ ಕದಿಯುತ್ತಿದ್ದೇನೆ.

ಪೈಪ್ ಬಗ್ಗೆ ಹೇಳುವುದು ಮರೆತೆ. ಇಲ್ಲ, ಬರುವ ಲಕ್ಷಣವೂ ನನಗೆ ಕಾಣುವುದಿಲ್ಲ. ಪ್ರತಿ ಹಂತಕ್ಕೂ ಒಂದು ಹೆಸರು ಕೊಟ್ಟು ಸಾಲು ಸಾಲಾಗಿ ಬರೆಯಿರಿ. ಸಾಲುಗಳು, ತುಂಬಿದ ಸಾಲುಗಳು, ಕೂಲಿ, ಚೀಟಿ, ಹೀಗೆ. ಈರುಳ್ಳಿ ಸುಲಿಯುವುದು ತಪ್ಪುತ್ತದೆ.

ಮೂಡಿಗೆರೆ ತೋಟದವನು

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ತಡವಾಯಿತು, ಮೊದಲು ಕರೆಂಟ್ ಇರಲಿಲ್ಲ, ಕರೆಂಟ್ ಬಂದಾಗ ನೆಟ್‌ವರ್ಕ್ ಇರಲಿಲ್ಲ.

ಮೇಷ್ಟ್ರೇ, ನಮ್ಮದು ರೋಬಸ್ಟಾ, ಪಲ್ಪರ್ ಹತ್ತಿರಕ್ಕೇ ಹೋಗುವುದಿಲ್ಲ, ಚೆರಿಯನ್ನು ಕಣದಲ್ಲೇ ಒಣಗಿಸುವುದು! ಆದರೂ ಮಾತು ತಲೆಗೆ ಹೋಯಿತು. ಐಟರ್ ಪರೀಕ್ಷೆ ಮಾಡಿದೆ. ನಾನು ಲಿಸ್ಟ್ ಅಂದುಕೊಂಡಿದ್ದ ನಾಲ್ಕು ಹೆಸರಿನಲ್ಲಿ ಮೂರು ಒಂದು ಸಲದವು. ಎಲ್ಲವನ್ನೂ ಚೌಕ ಬ್ರ್ಯಾಕೆಟ್ಟಿಗೆ ತಂದೆ. ಒಂದು ಮ್ಯಾಪ್ ಮಾತ್ರ ಉಳಿಸಿಕೊಂಡಿದ್ದೇನೆ, ಕೆಜಿ ಕಾಲಮ್ಮನ್ನು ಅಕ್ಷರದಿಂದ ಸಂಖ್ಯೆ ಮಾಡುವ ಕಡೆ. ಅದನ್ನೂ ಅಲ್ಲೇ ಲಿಸ್ಟ್ ಮಾಡಿದ್ದೇನೆ. ಅಷ್ಟಾದರೂ ಇರಲಿ, ಹಳೇ ಪ್ರೀತಿ.

ಬ್ಯಾಕೆಂಡ್ ಮೇಡಂ, ಬೇಜಾರೇನಿಲ್ಲ. ಮೂರು ಫಂಕ್ಷನ್ ಯಾಕೆ ಬೇಕಿತ್ತು ಅಂತ ಕೇಳಿದಿರಲ್ಲ, ಉತ್ತರ ಇಲ್ಲ. ಬರೆಯುವಾಗ ಚೆಂದ ಕಂಡಿತ್ತು, ಅಷ್ಟೇ. ಡಿಕ್ಷನರಿ ಮಾಡಿ ಅತ್ತೆ ಮಗಳಿಗೆ ಕಳಿಸಿದೆ. "ಇದು ನನಗೂ ಅರ್ಥ ಆಗುತ್ತೆ, ಮುಂಚೆದು ನಿನಗೂ ಅರ್ಥ ಆಗಿರಲಿಲ್ಲ ಅಲ್ವಾ?" ಅಂದಳು. ಆ ಅಮ್ಮನಿಗೆ ಬಾಕಿ 220 ಅವತ್ತೇ ಕೊಟ್ಟಿದ್ದೆವು. ಆದರೆ ನೀವು ಕೇಳಿದ ಮೇಲೆ ಆ ವಾರದ ಪುಸ್ತಕ ಪೂರ್ತಿ ಮತ್ತೆ ನೋಡಿದೆ. ಹಳೇ ತೋಟದಲ್ಲಿ ಕೊಯ್ದ ಇಬ್ಬರು ಕೇಳಿಯೇ ಇರಲಿಲ್ಲ. ಅವರದ್ದೂ ಈ ವಾರ ಸೇರಿಸಿ ಕೊಟ್ಟೆವು.

ಪಿವೋಟ್ ಪ್ರಿಯರೇ, ನೀವು ಹೇಳಿದ್ದು ಸರಿ ಅಂತ ಅಪ್ಪನೂ ಹೇಳುತ್ತಿದ್ದಾರೆ. ಸದ್ಯಕ್ಕೆ ಇಬ್ಬರ ಮಾತೂ ಕೇಳುವುದಿಲ್ಲ.

ಮೊನ್ನೆ ಶನಿವಾರ ಚೀಟಿ ಸರಿಯಾಗಿ ಬಂತು, ಹದಿನಾಲ್ಕಕ್ಕೆ ಹದಿನಾಲ್ಕು. ಆದರೂ ಮೊತ್ತ ಅಣ್ಣನ ಪುಸ್ತಕಕ್ಕಿಂತ 7 ರೂಪಾಯಿ ಕಮ್ಮಿ. ಈ ಸಲ ಮ್ಯಾಪಿನ ತಪ್ಪೂ ಅಲ್ಲ, ಲ್ಯಾಂಬ್ಡಾದ್ದೂ ಅಲ್ಲ, ಬೈಯಲು ಯಾರೂ ಸಿಗಲಿಲ್ಲ. ಅಣ್ಣನೇ ಬೆರಳಿಟ್ಟು ತೋರಿಸಿದರು. ಹಳೇ ತೋಟದಲ್ಲಿ 93.5 ಕೆಜಿ, 467.50. ಪುಸ್ತಕದಲ್ಲಿ 468, ಚೀಟಿಯಲ್ಲೂ 468. ಕೆಳಗಿನ ಸಾಲು 92.5 ಕೆಜಿ, 462.50. ಪುಸ್ತಕದಲ್ಲಿ 463, ಚೀಟಿಯಲ್ಲಿ 462. ಪೈಥಾನ್‌ನ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸರಿಸಂಖ್ಯೆಗೆ ಹೋಗುತ್ತದಂತೆ, ಆಮೇಲೆ ಓದಿ ತಿಳಿದುಕೊಂಡೆ. ಅಣ್ಣನ ನಿಯಮ ಬೇರೆ, ಐವತ್ತು ಪೈಸೆ ಇದ್ದರೆ ಕೊಯ್ದವರಿಗೆ. ಈಗ ಡೆಸಿಮಲ್ ಮಾಡ್ಯೂಲ್ ಹಾಕಿ ಅರ್ಧ ಬಂದರೆ ಮೇಲಕ್ಕೆ ಅಂತ ಹೇಳಿದ್ದೇನೆ.

ಅವತ್ತು ಚೀಟಿ ಮತ್ತೆ ಪ್ರಿಂಟ್ ಹಾಕೋಣ ಅಂದರೆ ಪೇಪರ್ ರೋಲ್ ಮುಗಿದಿತ್ತು. ಏಳು ಚೀಟಿಯನ್ನೂ ಅಣ್ಣ ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿದರು.